ಹಗೇವಿನೊಳಗಿನ ನಳ

ಅಣ್ಣಿಗೇರಿ ಸ್ಟೇಶನ್ನಿನ ಆಚೆಗೆ ಹೊಸ ಪ್ಲಾಟುಗಳಾಗಿ ನಾಲ್ಕು ವರ್ಷವಾಗಿತ್ತು. ಎರಡು ಸಾಲು ಮನೆ, ಮನೆಗೊಂದು ಅಂಗಳ, ಅಂಗಳಕ್ಕೊಂದು ನಳ. ನಳ ಇದೆ ಅಂದಮಾತ್ರಕ್ಕೆ ನೀರಿದೆ ಅಂತ ತಿಳಿಯಬಾರದು. ಮೈಲಾರವ್ವನ ಮನೆಯ ನಳ ಎರಡು ದಿನಕ್ಕೊಮ್ಮೆ ಮುಂಜಾನೆ ಎಂಟಕ್ಕೆ ಸರಿಯಾಗಿ ಬುಸ್ಸೆಂದು ಗಾಳಿ ಬಿಟ್ಟು, ಎರಡು ಸಲ ಕೆಮ್ಮಿ, ಸುಮ್ಮನಾಗುತ್ತಿತ್ತು. ಆಕೆ ಅದರ ಬಾಯಿಗೆ ಕೊಡ ಹಚ್ಚಿ ಕುಕ್ಕರಗಾಲಲ್ಲಿ ಕೂತು, ಬೀಗರಿಗೆ ಬಯ್ಯಬೇಕೆಂದು ಬಾಯಲ್ಲಿ ಹಿಡಿದಿಟ್ಟುಕೊಂಡಿದ್ದ ಮಾತನ್ನೆಲ್ಲ ಆ ನಳಕ್ಕೆ ಬಯ್ಯುತ್ತಿದ್ದಳು.

ಉಳಿದ ಮನೆಯವರು ನಳದ ಬುಡ ಅಗೆದು ಗುಂಡಿ ಮಾಡಿಕೊಂಡಿದ್ದರು. ನೀರಿಗೆ ಜೋರು ಇರಲಿಲ್ಲ. ನಳ ಎಷ್ಟು ತಗ್ಗಿಗಿಳಿದರೆ ಅಷ್ಟು ನೀರು. ಬಾಜೂ ಮನೆಯ ಬಸಕ್ಕ ಟೊಂಕದುದ್ದದ ಗುಂಡಿಗಿಳಿದು ಹದಿನೈದು ಕೊಡ ತುಂಬಿಕೊಳ್ಳುತ್ತಿದ್ದಳು. ಮೈಲಾರವ್ವನದು ಮಾತ್ರ ದಿಬ್ಬದ ಜಾಗ. ಪ್ಲಾಟು ಬೀಳುವ ಮೊದಲು ಅದು ಅವರದೇ ಕಣ. ಕಣ ಮಾಡುವವರು ನೀರು ನಿಲ್ಲದ ಎತ್ತರ ನೋಡಿಯೇ ಮಾಡುತ್ತಾರೆ. ಸುತ್ತಲಿನ ಹೊಲಗಳೆಲ್ಲ ಪ್ಲಾಟಾದಾಗ ಗಂಡ ಶಿದ್ಲಿಂಗಪ್ಪ ಆ ಕಣದ ಮೇಲೆಯೇ ನಾಲ್ಕು ಖೋಲಿಯ ಮನೆ ಎಬ್ಬಿಸಿದ್ದ. ಅಂಗಳ ಅಗೆಯೋಣವೆಂದರೆ ಒಂದು ಮೊಳದ ಕೆಳಗೆ ಕಲ್ಲಿನಂಥ ಗೊರಚು ಮಣ್ಣು. ಹಾರೆ ಹಾಕಿದರೆ ಕೈ ಜುಮ್ ಅನ್ನುತ್ತಿತ್ತೇ ಹೊರತು ನೆಲ ಬಿಡುತ್ತಿರಲಿಲ್ಲ.

ಹಾಗಾಗಿ ನೀರು ಕೆರೆಯಿಂದಲೇ ಬರಬೇಕು. ಹೋಗಿ ಬರಲು ಒಂದು ತಾಸು. ಆ ಎಂಬತ್ತೈದನೆಯ ಇಸವಿಯ ಬೇಸಿಗೆಯಲ್ಲಿ ಅದನ್ನು ಹೊರುತ್ತಿದ್ದವಳು ಐವತ್ತೆಂಟರ ಮೈಲಾರವ್ವ, ಸೊಸೆ ರೇಣುಕವ್ವ ಅಲ್ಲ. ಯಾಕೆಂದು ಓಣಿಗೆಲ್ಲ ಗೊತ್ತಿತ್ತು. ಹೋದ ವರ್ಷ ಇದೇ ದಿನಗಳಲ್ಲಿ ರೇಣುಕಾ ಐದು ತಿಂಗಳ ಬಸುರಿ. ದೊಡ್ಡ ತಾಮ್ರದ ಕೊಡ ಹೊತ್ತು ಕೆರೆಯ ಏರಿ ಇಳಿಯುವಾಗ ಕಾಲು ಜಾರಿ ಬಿದ್ದಳು. ಹಿಂದೆ ಬರುತ್ತಿದ್ದ ಬಸಕ್ಕ ತನ್ನ ಕೊಡ ಅಲ್ಲೇ ಚೆಲ್ಲಿ, ಆಕೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಮನೆ ಮುಟ್ಟಿಸಿದ್ದಳು. ಕೂಸು ಉಳಿಯಲಿಲ್ಲ. ಕೊಡದ ಹೊಟ್ಟೆ ನೆಗ್ಗಿತ್ತು. ಮೈಲಾರವ್ವ ಅದನ್ನು ಅಟ್ಟದ ಮೇಲೆ ಬೋರಲು ಹಾಕಿದವಳು ಮತ್ತೆ ಇಳಿಸಿರಲಿಲ್ಲ.

ಓಣಿಗೆ ಗೊತ್ತಿಲ್ಲದ್ದು ಒಂದಿತ್ತು. ಅವತ್ತು ಮುಂಜಾನೆ ರೇಣುಕಾ ಸಣ್ಣ ಕೊಡವನ್ನೇ ಕೈಗೆತ್ತಿಕೊಂಡಿದ್ದಳು. ರೊಟ್ಟಿ ಬಡಿಯುತ್ತಿದ್ದ ಮೈಲಾರವ್ವ ತಲೆ ಎತ್ತದೆ, "ಅದರಾಗ ಎಷ್ಟ ನೀರ ಬರತೈತಿ? ದೊಡ್ಡದು ತೊಗೊಂಡ ಹೋಗು. ಎರಡ ಸರ್ತಿ ತಿರುಗೂದು ತಪ್ಪತೈತಿ" ಅಂದಿದ್ದಳು. ಆ ಮಾತು ಅತ್ತೆ-ಸೊಸೆ ಇಬ್ಬರಿಗೇ ಗೊತ್ತು. ವರ್ಷವಾದರೂ ಇಬ್ಬರೂ ಅದನ್ನು ಎತ್ತಿರಲಿಲ್ಲ.

ಈಗ ರೇಣುಕಾಗೆ ಮತ್ತೆ ಮೂರು ತಿಂಗಳು. ಈ ಸಲ ಕೂಸು ಉಳಿಯಬೇಕು. ಹೊತ್ತು ಹುಟ್ಟಿದರೂ ಮುಳುಗಿದರೂ ಮೈಲಾರವ್ವಗೆ ಅದೊಂದೇ ಧ್ಯಾಸ.

ಯುಗಾದಿಯಾಗಿ ಎಂಟು ದಿನಕ್ಕೆ ಆಕೆಯ ಎಡಮೊಳಕಾಲು ಬಾತು ಮಡಚಲು ಬಾರದಂತಾಯಿತು. ಎಕ್ಕಿ ಎಲೆ ಬೆಚ್ಚಗೆ ಮಾಡಿ ಕಟ್ಟಿಕೊಂಡು ಪಡಸಾಲೆಯಲ್ಲಿ ಕಾಲು ಚಾಚಿ ಕೂತಳು. ಒಳಗೆ ಕೊಡದ ಸಪ್ಪಳವಾಯಿತು.

"ಯಾರದು ಕೊಡ ಮುಟ್ಟಿದಾಕಿ?"

"ನಾನರಿ ಅತ್ತಿ. ಸಣ್ಣದ ಐತ್ರಿ. ಸಾವಕಾಶ ಹೋಗಿ ಬರ್ತೀನಿ."

"ಇಡು ಕೆಳಗ."

"ಕುಡ್ಯಾಕ ಹನಿ ನೀರಿಲ್ರಿ."

"ಇಲ್ಲಂದ್ರ ಉಗುಳು ನುಂಗೂಣು. ಇಡು ಅಂದ್ನೆಲ್ಲ."

ಮಗ ಹನಮಂತಪ್ಪ ಕಾಳಿನ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಅವತ್ತು ಅವನೇ ಸೈಕಲ್ಲಿಗೆ ಎರಡು ಡಬ್ಬಿ ಕಟ್ಟಿಕೊಂಡು ಕೆರೆಗೆ ಹೋದ. ಅರ್ಧ ನೀರು ದಾರಿಯಲ್ಲೇ ತುಳುಕಿ, ಅಂಗಡಿಗೆ ಹೊತ್ತಾಗಿ, ಸಾವುಕಾರನಿಂದ ಬೈಸಿಕೊಂಡ. ಸಂಜೆ ಬರುವಾಗ ನಳ ಜೋಡಿಸುವ ಹುಲಿಗೆಪ್ಪನನ್ನು ಕರೆದುಕೊಂಡೇ ಬಂದ.

ಹುಲಿಗೆಪ್ಪ ಅಂಗಳದಲ್ಲಿ ನಾಲ್ಕು ಕಡೆ ಹಾರೆ ಬಡಿದು ನೋಡಿ ತಲೆಯಾಡಿಸಿದ. "ಕಾಕಾ, ಇದನ್ನ ಅಗಿಯೂದು ನಮ್ಮ ಕೈಲೆ ಆಗೂದಲ್ಲ" ಅಂದವನು, ಶಿದ್ಲಿಂಗಪ್ಪ ಕೂತಿದ್ದ ಹಾಸುಗಲ್ಲನ್ನು ಹಾರೆಯ ತುದಿಯಿಂದ ಕುಟ್ಟಿದ. ಒಳಗೆ ಪೊಳ್ಳು ಸಪ್ಪಳವಾಯಿತು. "ಇದರ ಕೆಳಗೇನೈತ್ರಿ?"

"ಹಗೇವು. ಜ್ವಾಳ ತುಂಬೂ ತಗ್ಗು."

"ಎಷ್ಟ ಆಳ?"

"ಒಂದೂವರಿ ಆಳು."

ಹುಲಿಗೆಪ್ಪನ ಕಣ್ಣು ಅರಳಿದವು. "ಮನ್ಯಾಗ ಬಾವಿ ಇಟಗೊಂಡು ಓಣ್ಯಾಗ ನೀರ ಹುಡುಕಾಕತ್ತೀರಲ್ಲ, ಕಾಕಾ. ಪೈಪು ಇದರ ತಳಕ್ಕ ಇಳಿಸಿದ್ನಿ ಅಂದ್ರ ನಾಳಿಂದ ನಿಮ್ಮನಿ ನೀರ ನೋಡ್ರಿ."

ಶಿದ್ಲಿಂಗಪ್ಪ ಎದ್ದು ನಿಂತ. ಎದ್ದವನು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಅವನ ಸಿಟ್ಟಿಗೂ ಅರ್ಥವಿತ್ತು. ಅವನೂ ಅವನಪ್ಪನೂ ಒಂದು ಬೇಸಿಗೆ ಪೂರ್ತಿ ಆ ಗೊರಚು ಕಡಿದು ತೆಗೆದ ಹಗೇವು ಅದು. ತಳಕ್ಕೂ ಸುತ್ತಲೂ ಜೋಳದ ಕಣಿಕೆ ಹಾಸಿ, ನಡುವೆ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮೂರು ವರ್ಷ ಕಾಳು ಕೆಡುತ್ತಿರಲಿಲ್ಲ. ಈಗ ಕಾಳು ಚೀಲದಲ್ಲಿ ಬಂದು ಖೋಲಿಯಲ್ಲೇ ಕೂಡುತ್ತದೆ. ಹಗೇವು ಐದು ವರ್ಷದಿಂದ ಖಾಲಿ. ಆದರೂ ಶಿದ್ಲಿಂಗಪ್ಪ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅದರ ಬಾಯಿಗೆ ಹೊಸ ಮಣ್ಣು ಮೆತ್ತುತ್ತಿದ್ದ. ಒಂದು ಹನಿ ನೀರು ಒಳಗಿಳಿಯಬಾರದು. ಜೀವಮಾನವೆಲ್ಲ ಹಗೇವನ್ನು ನೀರಿನಿಂದ ಕಾಯ್ದವನಿಗೆ ಅದರೊಳಗೇ ನಳ ಹಾಕು ಅಂದರೆ ಹೇಗಾಗಬೇಕು?

ಎರಡು ಹೊತ್ತು ಅವನು ಉಣ್ಣಲಿಲ್ಲ. ಮೂರನೆಯ ಹೊತ್ತಿಗೆ ಮೈಲಾರವ್ವ ತಾಟಿನಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ ಇಟ್ಟುಕೊಂಡು ಕುಂಟುತ್ತ ಹೋಗಿ ಅವನೆದುರಿಗೆ ಕೂತಳು.

"ಏಳ್ರಿ. ಒಂದ ಮಾತ ಕೇಳ್ತೀನಿ, ಹೇಳಿ ಮಕ್ಕೋರಿ. ನಿಮ್ಮಪ್ಪ ಆ ಹಗೇವಿನಾಗ ಜ್ವಾಳ ಯಾಕ ಇಡತಿದ್ರು?"

"ಇದೇನ ಕೇಳೂ ಮಾತು? ಬರಗಾಲದಾಗ ಮನಿ ಮಂದಿ ಬದುಕಲಿ ಅಂತ."

"ನಾ ಕೇಳೂದೂ ಅದನ್ನ."

ಅವನು ಎದ್ದು ಕೂತ. ಬಾಗಿಲಾಚೆ ರೇಣುಕಾ ಅಕ್ಕಿ ಆರಿಸುತ್ತಿದ್ದಳು. ಬಹಳ ಹೊತ್ತು ಆ ಕಡೆ ನೋಡಿ, ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ. "ಉಪ್ಪು ಕಮ್ಮಿ ಆಗೇತಿ" ಅಂದ. ಮೈಲಾರವ್ವಗೆ ಅಷ್ಟೇ ಸಾಕಾಗಿತ್ತು.

ಮರುದಿನ ಅವನೇ ಬಾಯಿಯ ಮಣ್ಣು ಕೆತ್ತಿ ಕಲ್ಲು ಸರಿಸಿದ. ಹುಲಿಗೆಪ್ಪ ಕಾಲು ಇಳಿಬಿಡಲು ಹೋದರೆ ರಟ್ಟೆ ಹಿಡಿದು ನಿಲ್ಲಿಸಿದ. ಒಂದು ದಿನ ಬಾಯಿ ತೆರೆದಿಟ್ಟು, ಅದರ ಮರುದಿನ ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ತಳದವರೆಗೆ ಬಿಟ್ಟ. ಒಳಗಿನ ಕೆಟ್ಟ ಗಾಳಿಗೆ ಕಂದೀಲು ಆರಿದರೆ ಮನುಷ್ಯ ಇಳಿಯಬಾರದು. ಆರಲಿಲ್ಲ. "ಈಗ ಇಳಿ" ಅಂದ. ರಟ್ಟೆ ಹಿಡಿದು ನಿಲ್ಲಿಸಿದಾಗ ನಕ್ಕಿದ್ದ ಹುಲಿಗೆಪ್ಪ, ಆ ಕಂದೀಲು ನೋಡಿದ ಮೇಲೆ ನಗಲಿಲ್ಲ. ಬಾಯಿ ಅಗಲ ಮಾಡಿ ಒಂಬತ್ತು ಮೆಟ್ಟಿಲು ಕಡಿದು ತಳಕ್ಕೆ ನಳ ಇಳಿಸಲು ಒಂದು ವಾರ ಹಿಡಿಯಿತು.

ಮೊದಲ ದಿನ ನೀರು ಬಂದದ್ದನ್ನು ಹೇಗೆ ಹೇಳಲಿ. ಎಂಟಕ್ಕೆ ನಳ ಕೆಮ್ಮಲೂ ಇಲ್ಲ, ಧೋ ಅಂತ ಸುರಿಯಿತು. ಹಗೇವಿನ ತಳದಲ್ಲಿ ಶಿದ್ಲಿಂಗಪ್ಪ ಧೋತರ ಎತ್ತಿ ಕಟ್ಟಿ ತುಂಬುವುದು, ಮೆಟ್ಟಿಲ ಮೇಲೆ ಹನಮಂತಪ್ಪ ಹಿಡಿಯುವುದು, ಮೇಲೆ ಮೈಲಾರವ್ವ ಒಯ್ದು ಸುರಿಯುವುದು. ಹಂಡೆ ತುಂಬಿತು, ಬಾನಿ ತುಂಬಿತು, ದನಗಳಿದ್ದ ಕಾಲದಲ್ಲಿ ಅವಕ್ಕೆ ನೀರು ಕುಡಿಸುತ್ತಿದ್ದ ಕಲ್ಲಿನ ದೋಣಿಯನ್ನು ಹಗೇವಿನ ತಳಕ್ಕಿಳಿಸಿ ಅದನ್ನೂ ತುಂಬಿಸಿಟ್ಟರು. ರೇಣುಕಾಳನ್ನು ಬಾಗಿಲಲ್ಲಿ ಮಣೆ ಹಾಕಿ ಕೂಡಿಸಿದ್ದರು. ಆಕೆ ಎರಡು ಸಲ ಏಳಲು ಹೋಗಿ ಎರಡು ಸಲವೂ ಅತ್ತೆಯಿಂದ ಬೈಸಿಕೊಂಡು ಕೂತಳು. ಅವತ್ತು ಮೈಲಾರವ್ವ ಝುಣಕ ಮಾಡಿ, ಎಲ್ಲರಿಗೂ ತುಪ್ಪ ಬಡಿಸಿದಳು. ಶಿದ್ಲಿಂಗಪ್ಪನ ಹಲ್ಲು ಕಾಣಿಸಿದವು. "ನಮ್ಮಪ್ಪ ಸುಳ್ಳಲ್ಲ. ಅಂವ ತೆಗದದ್ದು ಇವತ್ತೂ ಮನಿ ಸಾಕತೈತಿ" ಅಂದ.

ಹದಿನೈದು ದಿನ ಹೀಗೆ ಚಲೋ ನಡೆಯಿತು. ಹದಿನಾರನೆಯ ದಿನ ಬಸಕ್ಕ ಖಾಲಿ ಕೊಡ ಟೊಂಕದ ಮೇಲಿಟ್ಟುಕೊಂಡು ಅಂಗಳಕ್ಕೆ ಬಂದು ನಿಂತಳು. ಆಕೆಯ ಗಂಡ ಅಂದಾನೆಪ್ಪ ಲಕ್ವಾ ಹೊಡೆದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ, ಮಾತೂ ಬರುತ್ತಿರಲಿಲ್ಲ. ಮನೆಯಲ್ಲಿ ಇದ್ದವರು ಅವರಿಬ್ಬರೇ.

"ಮೈಲಾರಕ್ಕ, ನಮ್ಮ ನಳ ನಿಂತೈತಿ. ಹದಿನೈದು ಕೊಡ ತುಂಬತಿದ್ದದ್ದು ದಾರದಷ್ಟಾತು, ಈಗ ಅದೂ ಇಲ್ಲ. ನೀವು ಹಗೇವಿಗೆ ನಳ ಇಳಿಸಿದ ದಿವಸಲಿಂದ."

"ಅದಕ್ಕ ನಾ ಏನ ಮಾಡ್ಲಿ? ನಿನ್ನ ನಳಕ್ಕ ನಾ ಬೂಚು ಬಡದೇನೇನು?"

"ನೀರು ತಗ್ಗಿಗೆ ಹರೀತೈತಿ. ಈ ಸಾಲಿನ ನೀರೆಲ್ಲ ನಿಮ್ಮ ಹಗೇವಿನಾಗ ಬೀಳಾಕತ್ತೈತಿ. ನಮ್ಮನ್ಯಾಗ ಮಕ್ಕೊಂಡಾಂವ ಅದಾನ. ದಿನಾ ಎರಡ ಸರ್ತಿ ಅರಿವಿ ಒಗೀಬೇಕು."

"ನಮ್ಮನ್ಯಾಗ ಬಸುರಿ ಅದಾಳ. ಬೇಕಾದ್ರ ಎರಡ ಕೊಡ ತುಂಬಕೊಂಡ ಹೋಗು. ನಾ ಏನ ಬ್ಯಾಡ ಅನ್ನಾಕಿಲ್ಲ."

ಬಸಕ್ಕನ ಮುಖ ಬಿಗಿಯಿತು. "ನನ್ನ ನಳಕ್ಕ ಬರೂ ನೀರು ನಾ ನಿನ್ನ ಅಂಗಳದಾಗ ಬೇಡಿ ಒಯ್ಯಬೇಕೇನು? ಬಸುರಿ ಇರೂದು ನನಗೂ ಗೊತ್ತೈತಿ. ಹೋದ ವರ್ಸ ಆಕಿ ಯಾರ ಬೆನ್ನ ಮ್ಯಾಲ ಈ ಮನಿಗೆ ಬಂದ್ಲು ಅನ್ನೂದು ನಿನಗ ಮರತಿರಬೇಕು." ಅಂದವಳೇ ಖಾಲಿ ಕೊಡದೊಂದಿಗೆ ಕೆರೆಯ ದಾರಿ ಹಿಡಿದಳು.

ತಪ್ಪು ಎಲ್ಲಿದೆಯೆಂದು ಮೈಲಾರವ್ವಗೆ ತಿಳಿಯಲಿಲ್ಲವೆಂದಲ್ಲ. ಚೆನ್ನಾಗಿಯೇ ತಿಳಿದಿತ್ತು. ಆದರೆ ಒಂದು ಕಡೆ ಬಸಕ್ಕನ ಕೊಡ, ಇನ್ನೊಂದು ಕಡೆ ಸೊಸೆಯ ಹೊಟ್ಟೆ. ಆಕೆ ಹೊಟ್ಟೆಯ ಕಡೆ ನಿಂತಳು. ನಿಂತ ಮೇಲೆ ಗಟ್ಟಿಯಾಗಿಯೇ ನಿಲ್ಲಬೇಕಾಯಿತು. ಓಣಿಯ ಹೆಂಗಸರು ಆಕೆ ಬಂದರೆ ಮಾತು ನಿಲ್ಲಿಸತೊಡಗಿದರು. ಹಾಲಿಗೆ ಹೆಪ್ಪು ತರಲು ಹೋದರೆ ಮೂರು ಮನೆಯಲ್ಲಿ ಹೆಪ್ಪಿಲ್ಲ ಅಂದರು. ಅವತ್ತು ಆ ಮನೆಯವರು ಮಜ್ಜಿಗೆಯಿಲ್ಲದೆ ಉಂಡರು.

"ಅವ್ವಾ, ಅಂಗಡಿಗೆ ಬಂದೂ ಮಂದಿ ಕೇಳಾಕತ್ತ್ಯಾರ" ಅಂದ ಹನಮಂತಪ್ಪ, ಒಣ ಅನ್ನಕ್ಕೆ ಖಾರ ಕಲಿಸುತ್ತ. "ಊರ ನೀರ ನುಂಗಿದವರು ಅಂತ ಹೆಸರ ಬಿದ್ದೈತಿ ನಮಗ."

"ಬೀಳಲಿ. ಆಶ್ವೀಜ ಮಾಸದ ತನಾ ಬೀಳಲಿ. ಆಮ್ಯಾಲ ನಾನ ಮನಿ ಮನಿಗೆ ಹೋಗಿ ಕಾಲ ಹಿಡೀತೀನಿ."

"ಅಲ್ಲೀತನಾ ಬಸಕ್ಕ ಕೆರಿಗೆ ತಿರುಗಬೇಕೇನ್ರಿ?" ಅಂದಳು ರೇಣುಕಾ. ಹೆಚ್ಚು ಮಾತಾಡುವವಳಲ್ಲ, ಆಡಿದ್ದು ಅಷ್ಟೇ. ಆಕೆ ಅರ್ಧ ತಾಟು ಉಳಿಸಿ ಕೈ ತೊಳೆದಳು.

ಅಲ್ಲಿಂದ ಮೂರು ವಾರಕ್ಕೆ ಮೈಲಾರವ್ವಗೆ ಒಂದು ಗುಮಾನಿ ಬಂತು. ಹಗೇವಿನ ತಳದ ದೋಣಿ ಮುಂಜಾನೆ ತುಂಬಿದ್ದು ಸಂಜೆಗೆ ಅರ್ಧ. ದೋಣಿ ಸೀಳಿರಬೇಕೆಂದು ಶಿದ್ಲಿಂಗಪ್ಪ ಅದಕ್ಕೆ ಸುಣ್ಣ-ಬೆಲ್ಲ ಅರೆದು ಮೆತ್ತಿದ. ಆದರೂ ಅರ್ಧ. ನೆಲವೇ ಕುಡಿಯುತ್ತಿದೆ ಅಂತ ಅವನು, ಬಿಸಿಲಿಗೆ ಆರುತ್ತಿದೆ ಅಂತ ಮಗ. ಗಂಡಸರ ಬುದ್ಧಿ ಅಲ್ಲಿಗೇ ನಿಂತಿತು.

ಶುಕ್ರವಾರ ಮೈಲಾರವ್ವ ಸಂತೆಗೆ ಹೋದವಳು ಮೊಳಕಾಲು ಎಳೆಯಿತೆಂದು ಬೇಗ ತಿರುಗಿದಳು. ನಡು ಮಧ್ಯಾಹ್ನ, ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ. ಬದನೆಕಾಯಿಯ ಚೀಲ ಹಿಡಿದು ಅಂಗಳಕ್ಕೆ ಕಾಲಿಟ್ಟರೆ, ಹಗೇವಿನ ಬಾಯಿಂದ ಹಸಿರು ಬಳೆಯ ಒಂದು ಕೈ ಮೇಲೆ ಬಂತು. ಆ ಕೈ ತುಂಬಿದ ಕೊಡವೊಂದನ್ನು ಕಲ್ಲಿನ ಮೇಲಿಟ್ಟು ಮತ್ತೆ ಒಳಗೆ ಹೋಯಿತು. ಆಮೇಲೆ ಎರಡೂ ಕೈ ಬಂದವು, ಅಂಚು ಹಿಡಿದವು, ರೇಣುಕಾಳ ತಲೆ ಬಂತು. ಏದುಸಿರು ಬಿಡುತ್ತ ಮೇಲೆ ಹತ್ತಿ, ಹೊಟ್ಟೆಗೆ ಒಂದು ಕೈ ಆಸರೆ ಕೊಟ್ಟು ನಿಂತಳು. ಐದು ತಿಂಗಳ ಹೊಟ್ಟೆ. ಹೋದ ವರ್ಷವೂ ಐದೇ ಆಗಿತ್ತು.

ಮೈಲಾರವ್ವಗೆ ಕೂಗಬೇಕೆನಿಸಿತು. ಕೂಗಿದರೆ ಎಲ್ಲಿ ಬೆಚ್ಚಿ ಹಿಂದಕ್ಕೆ ಬೀಳುತ್ತಾಳೋ ಎಂದು ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು. ರೇಣುಕಾ ಕೊಡ ಎತ್ತಿ ಹಿತ್ತಲ ಕಡೆ ನಡೆದಳು, ಬೇಲಿಯ ಸಂದಿಯಲ್ಲಿ ನುಸುಳಿ ಬಸಕ್ಕನ ಬಾನಿಗೆ ಸುರಿದಳು, ತಿರುಗಿ ಬಂದಳು. ಅತ್ತೆಯನ್ನು ಕಂಡು ಅಲ್ಲೇ ನಿಂತಳು.

"ಎಷ್ಟ ದಿವಸಾತು ಇದು?" ಅಂದಳು ಮೈಲಾರವ್ವ.

"ಇಪ್ಪತ್ತ ದಿವಸ ಆತ್ರಿ."

"ದಿನಾ ಎಷ್ಟು?"

"ಐದಾರು ಕೊಡ್ರಿ. ಬಸಕ್ಕ ಕೆರಿಗೆ ಹೋದಾಗ. ಆಕಿಗೆ ಗೊತ್ತಿಲ್ರಿ."

ಸಂಜೆ ಮನೆಯಲ್ಲಿ ಆದ ಜಗಳ ಆ ಮನೆ ಕಟ್ಟಿದಾಗಿನಿಂದ ಆಗಿರಲಿಲ್ಲ. ಹನಮಂತಪ್ಪ ಹೆಂಡತಿಯ ಮೇಲೆ ಕೈ ಎತ್ತುವುದೊಂದು ಬಾಕಿ. "ಬುದ್ಧಿ ಐತೇನ ನಿನಗ? ಒಂಬತ್ತ ಪಾವಟಿಗಿ. ಕಾಲ ಜಾರಿದ್ರ? ನಮ್ಮವ್ವ ಊರ ಮಂದಿನೆಲ್ಲ ಎದುರ ಹಾಕ್ಕೊಂಡಿದ್ದು ಯಾರ ಸಲುವಾಗಿ?"

"ನನ್ನ ಸಲುವಾಗಿ" ಅಂದಳು ರೇಣುಕಾ. "ಅದಕ್ಕ ನನಗ ಅನ್ನ ಇಳಿಯಂಗಿಲ್ಲ. ಆಕಿ ನನ್ನ ಬೆನ್ನ ಮ್ಯಾಲ ಹೊತ್ತಕೊಂಡ ಬಂದಾಕಿ. ನನ್ನ ಸೀರಿ ಒಗದ ಹಾಕಿದಾಕಿ. ಆಕಿ ಖಾಲಿ ಕೊಡ ತೊಗೊಂಡು ನಮ್ಮ ಬಾಗಲ ಮುಂದ ಹೋಗೂದ ನೋಡಿಕೋತ ನಾ ಮಣಿ ಮ್ಯಾಲ ಹೆಂಗ ಕೂಡ್ಲಿ?"

"ನಾಳಿಂದ ಹಗೇವಿಗೆ ಕಲ್ಲ ಎಳದು ಬೀಗ ಹಾಕ್ತೀನಿ."

"ಹಾಕ್ರಿ. ಹಂಡೇದಾಗಿಂದ ಒಯ್ತೀನಿ."

ಅಷ್ಟು ಮೆತ್ತಗಿನ ಹುಡುಗಿ ಅಷ್ಟು ಗಟ್ಟಿ ಮಾತಾಡಿದ್ದನ್ನು ಅವರಾರೂ ಕೇಳಿರಲಿಲ್ಲ. ಹನಮಂತಪ್ಪ ಅವ್ವನ ಕಡೆ ನೋಡಿದ. ಅವ್ವ ಸೊಸೆ ಮೇಲೆ ಬೀಳುತ್ತಾಳೆಂದು ಅವನ ಎಣಿಕೆ. ಮೈಲಾರವ್ವ ಗೋಡೆಗೊರಗಿ ಕೂತಿದ್ದಳು, ಸಂತೆಯ ಚೀಲ ಇನ್ನೂ ಮಡಿಲಲ್ಲೇ ಇತ್ತು.

"ಆಕಿಗೆ ಯಾಕ ಬೈತಿ? ಹೋದ ವರ್ಸ ದೊಡ್ಡ ಕೊಡ ತೊಗೊಂಡ ಹೋಗು ಅಂದಾಕಿ ನಾನು. ಆಕಿ ಸಣ್ಣದ ತೊಗೊಂಡಿದ್ಲು. ನಾನ ಇಡಿಸಿದ್ನಿ."

ಶಿದ್ಲಿಂಗಪ್ಪ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ. ಹನಮಂತಪ್ಪ ನೆಲ ನೋಡಿದ. ರೇಣುಕಾ ಅತ್ತೆಯ ಮಡಿಲಿನ ಚೀಲ ತೆಗೆದುಕೊಂಡು ಒಳಗೆ ಹೋಗಿ ಒಲೆ ಹೊತ್ತಿಸಿದಳು. ಬದನೆಕಾಯಿ ಹೆಚ್ಚುವ ಸಪ್ಪಳ ಕೇಳಿಸಿತು. ಮೈಲಾರವ್ವ ಅಳುತ್ತಿದ್ದಳು, ಒರೆಸಿಕೊಳ್ಳಲೂ ಇಲ್ಲ.

ಮರುದಿನ ಹೊತ್ತು ಏರುವ ಮೊದಲೇ ಆಕೆ ಬಸಕ್ಕನ ಮನೆಗೆ ಹೋದಳು. ಬಸಕ್ಕ ಗಂಡನಿಗೆ ಗಂಜಿ ಕುಡಿಸುತ್ತಿದ್ದವಳು ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಮೈಲಾರವ್ವ ತಾನೇ ಕೂತಳು.

"ನಿನ್ನ ಬಾನಿ ಯಾರ ತುಂಬಸ್ತಾರ ಗೊತ್ತೈತೇನ?"

"ನಾನೂ ದಿಗಿಲಾಗೇನಿ. ಇವಂಗ ಕೇಳಿದ್ರ ಬರೇ ನಗತಾನ" ಅಂದಳು ಬಸಕ್ಕ. ಅಂದಾನೆಪ್ಪನ ಅರ್ಧ ಬಾಯಿ ಆಗಲೂ ನಗುತ್ತಿತ್ತು.

"ನಮ್ಮ ಹುಡುಗಿ. ಹಗೇವಿನಾಗಿಂದ ಹೊತ್ತ ತಂದು."

ಬಸಕ್ಕ ಗಂಜಿಯ ಬಟ್ಟಲು ಕೆಳಗಿಟ್ಟಳು. "ಹೊಟ್ಟೀಲೆ ಇದ್ದಾಕಿ?" ಅಂದಳು. ಆಮೇಲೆ ಸಿಟ್ಟೇ ಬಂತು ಆಕೆಗೆ. "ನೀ ಮನ್ಯಾಗಿದ್ದು ಏನ ಮಾಡ್ತಿದ್ದಿ? ಕಾಯೂದ ಬ್ಯಾಡ?"

"ಕಾದದ್ದ ತಪ್ಪಾತು. ಈಗ ನಿನ್ನ ಗುಂಡಿ ಅಳೀಬೇಕು. ನಮ್ಮ ಯಜಮಾನ್ರು ಬರ್ತಾರ."

ಶಿದ್ಲಿಂಗಪ್ಪನಿಗೆ ಹೇಳುವುದೇ ಆಕೆಗೆ ಕಠಿಣವಾಗಿತ್ತು. ಅಪ್ಪ ಕಡಿದ ಹಗೇವು. ನೀರಿಗೆ ಬಿಡಿಸಿದ್ದು ಸಾಲದೆಂದು ಈಗ ನಳ ಮೇಲೆತ್ತಿ ಅದರ ತಳಕ್ಕೆ ಮಣ್ಣು ತುಂಬಬೇಕು. ಆದರೆ ಅವನು ರಾತ್ರಿಯೇ ಯೋಚಿಸಿದ್ದನೆಂದು ಕಾಣುತ್ತದೆ. ಹುಲಿಗೆಪ್ಪನನ್ನು ಕರೆಸಿ, ಗೌಂಡಿಗಳು ನೆಲದ ಮಟ್ಟ ನೋಡುವ ನೀರು ತುಂಬಿದ ನಳಿಗೆ ತರಿಸಿದ. ಅದರ ಒಂದು ತುದಿ ಬಸಕ್ಕನ ಗುಂಡಿಯ ನಳಕ್ಕೆ, ಇನ್ನೊಂದು ತುದಿ ಹಗೇವಿನ ಗೋಡೆಗೆ. ಎರಡೂ ಕಡೆ ನೀರು ಸಮ ನಿಂತ ಜಾಗಕ್ಕೆ ಇದ್ದಿಲಿನಿಂದ ಗೆರೆ ಎಳೆದ. ಸಾಲಿನ ಬೇರೆ ಮನೆಗಳಿಗೂ ಹಾಗೆಯೇ ಹೋದ. ಯಾರ ನಳವೂ ಆ ಗೆರೆಗಿಂತ ಕೆಳಗಿರಬಾರದು, ತನ್ನದು ಮೊದಲು.

ಮೊದಲ ಬುಟ್ಟಿ ಮಣ್ಣು ಯಾರು ಹಾಕಬೇಕೆಂದು ಎಲ್ಲರೂ ಸುಮ್ಮನೆ ನಿಂತರು. ಮೈಲಾರವ್ವ ಬುಟ್ಟಿ ಎತ್ತಿದಳು. ಅವನು ಆಕೆಯ ಕೈಯಿಂದ ಅದನ್ನು ತೆಗೆದುಕೊಂಡ.

"ಇದಕ್ಕ ಮೊದಲ ಬುಟ್ಟಿ ಜ್ವಾಳ ಸುರದಾಂವ ನಾನು. ಇದನ್ನೂ ನಾನ ಹಾಕ್ತೀನಿ."

"ಅರ್ಧ ಉಳಿತೈತಲ್ರಿ" ಅಂದಳು ಆಕೆ, ಸಮಾಧಾನಕ್ಕೆ.

"ಉಳಿತೈತಿ" ಅಂದ ಅವನು. ಮುಖ ಆ ಕಡೆ ತಿರುಗಿಸಿಕೊಂಡೇ ಸಂಜೆಯವರೆಗೆ ಮಣ್ಣು ತುಂಬಿದ. ಒಂಬತ್ತು ಮೆಟ್ಟಿಲು ಐದಾದವು.

ಮುಂದಿನ ನೀರಿನ ದಿನ ಹಗೇವಿನ ನಳದಲ್ಲಿ ಧೋ ಅನ್ನಲಿಲ್ಲ, ಕಿರುಬೆರಳಿನಷ್ಟು ಬಂತು. ಗೋಡೆಯಾಚೆ ಬಸಕ್ಕ ಕೂಗಿದಳು, "ಬಂತ ಮೈಲಾರಕ್ಕ, ಬಂತು." ಒಂದು ತಾಸಿಗೆ ಎಂಟು ಕೊಡ ಇವರಿಗೆ, ಎಂಟೊಂಬತ್ತು ಅವರಿಗೆ. ಕುಡಿಯಲಿಕ್ಕೂ ಅಡಿಗೆಗೂ ಅಷ್ಟು ಸಾಕು. ಬಟ್ಟೆಗೆ ಕೆರೆಯೇ ಗತಿ. ಮೈಲಾರವ್ವನೂ ಬಸಕ್ಕನೂ ಗಂಟು ತಲೆ ಮೇಲಿಟ್ಟುಕೊಂಡು ಒಟ್ಟಿಗೆ ಕೆರೆಗೆ ಹೋಗುವುದಾಯಿತು. ಒಬ್ಬಳಿಗೆ ಮೊಳಕಾಲು, ಇನ್ನೊಬ್ಬಳಿಗೆ ಸೊಂಟ, ದಾರಿಯುದ್ದಕ್ಕೂ ಬೈದಾಡುತ್ತ. ಅವತ್ತು ಸಂಜೆ ಬಸಕ್ಕ ಒಂದು ಬಟ್ಟಲು ಹೆಪ್ಪು ಕಳಿಸಿದ್ದಳು. ರೇಣುಕಾ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

ಏಳನೆಯ ತಿಂಗಳಲ್ಲಿ ಸೊಸೆಗೆ ಸೀಮಂತದ ಕುಬಸ ಮಾಡಿದರು. ಓಣಿಯ ಹೆಂಗಸರು ಬಂದು ಹಾಡಿ, ಉಂಡು, ಉಡಿ ತುಂಬಿ ಹೋದರು. ರೇಣುಕಾಳನ್ನು ತವರಿನವರು ಸಂಶಿಗೆ ಕರೆದೊಯ್ದರು. ಆಮೇಲೆ ಮೈಲಾರವ್ವಗೆ ಮನೆಯಲ್ಲಿ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ದಸರೆಯ ಎರಡನೆಯ ದಿನ ಆಕೆ ಹಗೇವಿನಲ್ಲಿ ನೀರು ತುಂಬುತ್ತಿದ್ದಾಗ ಮೇಲಿಂದ ಮಗನ ದನಿ ಬಂತು. "ಅವ್ವಾ, ಸಂಶಿಯಿಂದ ಸುದ್ದಿ ಬಂದೈತಿ. ಹೆಣ್ಣು. ಇಬ್ಬರೂ ಆರಾಮ ಅದಾರಂತ." ಆಕೆ ಕೊಡ ತುಂಬಿ ಚೆಲ್ಲುತ್ತಿದ್ದರೂ ನೋಡದೆ ಐದನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಎದ್ದ ಮೇಲೆ ಮೊದಲು ಹೇಳಿದ್ದು ಗೋಡೆಯಾಚೆಯ ಬಸಕ್ಕನಿಗೆ.

ಐದನೆಯ ದಿನ ಅಳ್ವಿ ಉಂಡಿ ಕಟ್ಟಿಕೊಂಡು ಬಸ್ಸು ಹತ್ತಿ ಸಂಶಿಗೆ ಹೋದಳು. ಬಾಣಂತಿಯ ಖೋಲಿಯಲ್ಲಿ ಕತ್ತಲು, ಲೋಬಾನದ ಹೊಗೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ಅಂಗೈಯಗಲದ ಮುಖ, ಅದರಲ್ಲಿ ಶಿದ್ಲಿಂಗಪ್ಪನ ಮೂಗು.

"ಅತ್ತಿ" ಅಂದಳು ರೇಣುಕಾ, "ಆ ದೊಡ್ಡ ಕೊಡ ಅಟ್ಟದ ಮ್ಯಾಲಿಂದ ಇಳಸ್ರಿ. ನಾವು ಬಂದ ಮ್ಯಾಲ ಕೂಸಿಗೆ ಎರಿಯಾಕ ಬೇಕಾಗತೈತಿ."

"ಆ ಕೊಡ ಬ್ಯಾಡವಾ. ಬ್ಯಾರೆ ತರಸೂಣು."

"ಯಾಕ ಬ್ಯಾಡ? ಕೊಡ ಏನ ಮಾಡೈತ್ರಿ?" ಆಕೆ ಕೂಸಿನ ಕುಲಾಯಿ ಸರಿಮಾಡಿದಳು. "ಅವತ್ತ ನೀವು ಅನ್ನೂಕ್ಕಿಂತ ಮೊದಲ ನಾ ದೊಡ್ಡ ಕೊಡ ತೊಗೊಂಡು ಹೊಸ್ತಿಲ ದಾಟಿದ್ನಿ. ನೀವು ಅಂದದ್ದು ಆಮ್ಯಾಲ. ನಿಮಗ ಮರತೈತಿ."

ಸುಳ್ಳು. ಮೈಲಾರವ್ವಗೆ ಯಾವುದೂ ಮರೆತಿರಲಿಲ್ಲ. ಎತ್ತಿಕೊಂಡ ಸಣ್ಣ ಕೊಡವನ್ನು ಹುಡುಗಿ ತಿರುಗಿ ನೆಲಕ್ಕಿಟ್ಟ ಸಪ್ಪಳ, ರೊಟ್ಟಿ ಬಡಿಯುವ ಸಪ್ಪಳದ ನಡುವೆಯೂ ಕೇಳಿಸಿದ್ದು, ಈಗಲೂ ಕಿವಿಯಲ್ಲಿತ್ತು. ಆಕೆ ಸೊಸೆಯ ಮುಖ ನೋಡಿದಳು. ಸೊಸೆ ಕಣ್ಣು ತಪ್ಪಿಸಲಿಲ್ಲ.

"ಹೌದೇನ್ವಾ" ಅಂದಳು ಮೈಲಾರವ್ವ. "ನನಗ ಸರಿಯಾಗಿ ನೆನಪ ಇಲ್ಲ."

ಊರಿಗೆ ಬಂದ ಮರುದಿನ ಶಿದ್ಲಿಂಗಪ್ಪನಿಗೆ ಹೇಳಿ ಅಟ್ಟದಿಂದ ಕೊಡ ಇಳಿಸಿದಳು. ಒಂದೂವರೆ ವರ್ಷದ ಧೂಳು, ಕಪ್ಪಾಗಿ ಕೂತಿತ್ತು. ಅಂಗಳದಲ್ಲಿ ಹಗೇವಿನ ಕಲ್ಲಿನ ಮೇಲೆ ಕೂತು ಹುಣಸೆಹಣ್ಣು ಹಚ್ಚಿ ಮಧ್ಯಾಹ್ನದವರೆಗೆ ತಿಕ್ಕಿದಳು. ತಾಮ್ರ ಕೆಂಪಗೆ ಹೊಳೆಯಿತು. ನೆಗ್ಗು ಮಾತ್ರ ಹೋಗಲಿಲ್ಲ. ನೀರು ತುಂಬಿ ನೋಡಿದಳು; ಮೊದಲಿಗಿಂತ ಒಂದು ಬೊಗಸೆ ಕಡಿಮೆ ಹಿಡಿಯುತ್ತಿತ್ತು, ಅಷ್ಟೇ.